ಪೂರ್ವಕ್ಕ ಡ್ಯಾಮಿನ ನೀರು

ಇದು ನಮ್ಮ ಕಾಕಾನ ಮಗ ವೃಷಭನ ಮ್ಯಾಲೆ ಬಂದದ್ದು. ಅರ್ಧ ನಾ ಕಣ್ಣಾರೆ ಕಂಡದ್ದು... ಉಳಿದರ್ಧ ಅವ ನನ್ನ ಮಣಿಕಟ್ಟು ಹಿಡಕೊಂಡು ಒಂದು ರಾತ್ರ್ಯಾಗ ಹೇಳಿದ್ದು. ಯಾವ ಡ್ಯಾಮು, ಯಾವ ಊರು ಅಂತ ಮಾತ್ರ ಕೇಳಬ್ಯಾಡ್ರಿ. ಚಿಕ್ಕೋಡಿಗೂ ನಿಪ್ಪಾಣಿಗೂ ನಡುವ ಗುಡ್ಡದ ಸಂದಿಯೊಳಗ ಒಂದು ಸಣ್ಣ ಡ್ಯಾಮು ಅಂತ ತಿಳಕೊಳ್ರಿ, ಸಾಕು. ಆ ಮಂದಿ ಇನ್ನೂ ಅಲ್ಲೇ ಅದಾರ.

ಮೇ ತಿಂಗಳ ಮೊದಲನೇ ವಾರ. ರಾತ್ರಿ ಹನ್ನೊಂದೂವರಿ. ವೃಷಭ ಆಬಾಸಾಹೇಬನ ಮನಿಯಿಂದ ಒಬ್ಬನಽ ನಡಕೋತ ಹೊಂಟಿದ್ದ. ನಮ್ಮ ಜೈನರ ಮಂದಿ ಹೊತ್ತು ಮುಳುಗೂದರೊಳಗ ಉಣ್ಣವ್ರು. ಆದ್ರ ಅವತ್ತು ಖರೀದಿ ಪತ್ರ ಆಗಿತ್ತು. ಆಬಾಸಾಹೇಬನಂಥಾ ಪಾಟೀಲ "ಊಟ ಮಾಡಽ ಹೋಗಬೇಕು" ಅಂದ್ಮ್ಯಾಲೆ ಹೆಂಗ ಒಲ್ಲೆ ಅನ್ನೂದು?

ಆಬಾಸಾಹೇಬನ ಮನಿ ಡ್ಯಾಮಿನ ಆ ದಂಡಿಗೆ. ವೃಷಭ ಅವನ ಕಡೆಯಿಂದ ತಗೊಂಡ ಮೂವತ್ತು ಗುಂಟೆ ಈ ದಂಡಿಗೆ. ಅದರಾಗ ಒಂದು ತಗಡಿನ ಶೆಡ್ಡು. ರಸ್ತೆ ಹಿಡದು ಬಂದ್ರ ಮೂರು ಕಿಲೋಮೀಟರ. ಬೇಸಿಗ್ಯಾಗ ನೀರು ಇಳದಾಗ ಡ್ಯಾಮಿನ ಹೊಟ್ಟಿಯೊಳಗ ಹಾದು ಬಂದ್ರ ಹದಿನೈದು ನಿಮಿಷ. ಅವ ಹೊಟ್ಟಿಯೊಳಗ ಇಳದ.

ಅಲ್ಲಿ ಒಂದು ಬಾವಿ ಐತಿ. ಡ್ಯಾಮು ಕಟ್ಟೂಕಿಂತ ಮೊದಲಿನ ಹಳೇ ಊರಿನ ಬಾವಿ. ವರ್ಷದಾಗ ಒಂಬತ್ತು ತಿಂಗಳು ನೀರಿನ ಕೆಳಗ, ಮೂರು ತಿಂಗಳು ಹೊರಗ. ಒಳಗ ಬರೇ ಹೂಳು. ಅದರ ಹತ್ತಿರ ಬಂದಿದ್ದ...

ಟಣ್.

ನಿಂತ. ಮೊಬೈಲಿನ ಬೆಳಕು ಆ ಕಡೆ ಈ ಕಡೆ ಬಿಟ್ಟ. ಏನಿಲ್ಲ.

ಟಣ್... ಕಬ್ಬಿಣ ಕಲ್ಲಿಗೆ ಬಡದ ಸಪ್ಪಳ. ಅದರ ಬೆನ್ನಿಗೇ ಪಚಕ್... ಪಚಕ್... ರಾಡಿಯೊಳಗಿಂದ ಕಾಲು ಕಿತ್ತು ಇಡೂ ಸಪ್ಪಳ. ಬಾವಿ ಆಚೆ ಬದಿಗೆ.

"ಯಾರಲೇ ಅಂವಾ?" ಒದರಿದ.

"ಸಣ್ಣಕ ಮಾತಾಡ್ರಿ ಸಾವಕಾರ್ರ." ಪಿಸುದನಿ. "ನೀರಿನ ಮ್ಯಾಲೆ ಮಾತು ಓಡತೈತಿ. ಆಚೆ ದಂಡಿಯವ್ರಿಗೆ ಕೇಳತೈತಿ."

ಬೆಳಕಿನಾಗ ಒಬ್ಬ ಮುದುಕ ಕಂಡ. ತಲಿಗೆ ಕೆಂಪು ಪಟಕಾ, ಕೈಯಾಗ ಕಬ್ಬಿಣದ ಹಾರಿ, ಮಣಕಾಲ ತನಕ ರಾಡಿ. ಕೊಳ್ಳಾಗ ತುಳಸಿ ಮಣಿ.

"ದೆವ್ವ ಅಂತ ಅಂಜಿದ್ರೇನು?" ಮುದುಕ ನಕ್ಕ. "ದೆವ್ವ ಆಗಿದ್ರ ಇಷ್ಟ್ಯಾಕ ಬೆವರತಿದ್ದೆ ನಾ?"

ಅವನಽ ಮಲಕಾರಿ. ಕುರುಬರವ. ಹೆಂಡ್ತಿ ಸಕ್ಕುಬಾಯಿ, ಹದಿನೆಂಟು ಕುರಿ, ಮತ್ತ ವರ್ಷಕ್ಕ ಮೂರು ತಿಂಗಳ ಹೊಲ. ಡ್ಯಾಮಿನೊಳಗ ಮುಳುಗಿದ್ದು ಅವರಪ್ಪನ ಹೊಲ. ಸರಕಾರ ಅದಕ್ಕ ಪರಿಹಾರ ಕೊಟ್ಟು ಎಷ್ಟೋ ವರ್ಷ ಆಗ್ಯಾವ. ಕಾಗದದ ಮ್ಯಾಲೆ ಅದು ಈಗ ನೀರಿಂದು. ಆದ್ರ ಬೇಸಿಗ್ಯಾಗ ನೀರು ಇಳದು ಹೂಳು ಕಂಡ ಕೂಡಲೇ ಅಪ್ಪನ ಬಾಂದಗಲ್ಲು ಎಲ್ಲಿತ್ತೋ ಅಲ್ಲಿಂದ ಸಾಲು ಹಿಡದು ಸವತಿಕಾಯಿ ಬೀಜ ಹಾಕತಿದ್ದ. ಊರಾಗ ಯಾರೂ ಬ್ಯಾಡ ಅಂದಿದ್ದಿಲ್ಲ.

"ನಡುರಾತ್ರ್ಯಾಗ ಏನ ಮಾಡಾಕತ್ತಿ?"

"ಹಗಲೊತ್ತು ಹೂಳು ಕಾದ ಹಂಚ ಆಗತೈತ್ರಿ. ತಂಪಿನಾಗ ಕಲ್ಲು ಹುಡಕತೇನಿ. ವರ್ಷಾ ಒಂದು ಗೇಣು ಹೂಳು ಏರತೈತಿ, ಕಲ್ಲು ಕೆಳಗ ಹೋಗತೈತಿ. ವರ್ಷಾ ಹುಡಕಿ ಎತ್ತಿ ಇಡತೇನಿ." ಹಾರಿ ಊರಿ ನಿಂತ. "ಖರೀದಿ ಆತಂತ?"

"ಆತು. ಈ ನೀರಿನ ತನಕ ನಂದು."

ಮಲಕಾರಿ ಮ್ಯಾಲೆ ದಿಣ್ಣಿ ಮ್ಯಾಲಿನ ಜಾಲಿಗಿಡದ ಕಡೆ ಕೈ ಮಾಡಿದ. "ನಿಮ್ಮದು ಅಲ್ಲಿ ಮುಗೀತು ಸಾವಕಾರ್ರ. ದೀಪಾವಳಿಗೆ ಬಂದು ನೋಡ್ರಿ, ನೀರು ಆ ಗಿಡದ ಬೇರಿಗೆ ಬಂದು ನಿಂತಿರತೈತಿ. ನೀವು ಮೇದಾಗಿನ ನೀರ ತಗೊಂಡೀರಿ."

ಅವತ್ತು ವೃಷಭಗ ತಿಳೀತು ತಾ ಏನ ಮಾಡೇನಿ ಅಂತ.

ಅವಂದು ನಿಪ್ಪಾಣ್ಯಾಗ ತಂಬಾಕಿನ ಗೋಡೌನ ಇತ್ತು. ಅದನ್ನ ಮಾರಿದ್ದ. ಹೆಂಡ್ತಿ, ನಮ್ಮ ಮನಿಷಾ ವೈನಿ, ಕೊಳ್ಳಾಗಿನ ಬಂಗಾರಾನೂ ತೆಗದಿದ್ದ. ಡ್ಯಾಮಿನ ದಂಡಿಗೆ ಆರು ಖೋಲಿ, ನೀರಿಗೆ ಹತ್ತಿ ಖುರ್ಚಿ, ಶನಿವಾರ ಐತವಾರ ಕೊಲ್ಲಾಪುರದ ಮಂದಿ. ಅದೊಂದಽ ತಲ್ಯಾಗ. "ಕಪ್ಪಿ ನೋಡಾಕ ಕೊಲ್ಲಾಪುರದಿಂದ ಬರ್ತಾರೇನ್ರಿ ಮಂದಿ?" ಅಂತ ವೈನಿ ಚಾಷ್ಟಿ ಮಾಡಿದ್ರ, "ಕಪ್ಪಿ ಅಲ್ಲ, ವಾಟರ್ ವ್ಯೂ" ಅಂತಿದ್ದ. ಆಬಾಸಾಹೇಬ ಜಾಗಾ ತೋರಿಸಿದ್ದು ಮೇದಾಗ. ದಿಣ್ಣಿಯಿಂದ ಇಳಿಸಿ ನೀರಿನ ತನಕ ಕರಕೊಂಡು ಹೋಗಿ, "ನೀರು ಎಲ್ಲಿ ಮುಟ್ಟತೈತಿ, ಅಲ್ಲಿ ತನಕ ನಿಂದು" ಅಂದಿದ್ದ. ಖರೀದಿ ಪತ್ರದಾಗೂ ಹಂಗಽ ಬರಿಸಿದ್ರು. ಪೂರ್ವಕ್ಕ: ಡ್ಯಾಮಿನ ನೀರು. ಯಾವ ತಿಂಗಳ ನೀರು ಅಂತ ಯಾರೂ ಕೇಳಲಿಲ್ಲ. ಬರಿಯವನೂ ಕೇಳಲಿಲ್ಲ.

ಜಾಲಿಗಿಡದಿಂದ ಮೇ ನೀರಿಗೆ ಎರಡನೂರು ಹೆಜ್ಜಿ. ಆ ಎರಡನೂರು ಹೆಜ್ಜಿ ಇಲ್ಲದಿದ್ರ ಅವನ ಖುರ್ಚಿ ಎಲ್ಲಾ ಸವತಿ ಬಳ್ಳಿ ಮುಂದ.

ಮರುದಿನ ಆಬಾಸಾಹೇಬಗ ಕೇಳಿದ. ಆಬಾಸಾಹೇಬ ಎಲಿ ಅಡಿಕಿ ಅಗಿಯೂದು ಬಿಡಲಿಲ್ಲ. "ಅದಕ್ಯಾಕ ಚಿಂತಿ? ಸರಕಾರದವ್ರು ಇಲ್ಲಿ ಬರೂದಿಲ್ಲ. ನಮ್ಮೂರಾಗ ಮಣ್ಣ ಹೊತ್ತವಂದು ಬಾಂದ. ಹೊತ್ತು ಬಿಡು, ಮುಗೀತು."

ಮಣ್ಣ ಹೊರೂದು ಅಂದ್ರ ಇದು. ಬಾಂದದ ಜಗಳ ಬಂದ್ರ ಪಂಚರು ಕೂಡ್ತಾರ. ನಂದು ಅನ್ನವ ಆ ಹೊಲದ ಹಸಿ ಮಣ್ಣು ತಲಿ ಮ್ಯಾಲೆ ಇಟಗೊಂಡು, ಬರಿಗಾಲಿಲೆ, ಬಾಂದ ಎಲ್ಲೈತಿ ಅಂತಾನೋ ಅಲ್ಲಿ ನಡೀಬೇಕು. ನಡದ್ರ ಅದಽ ಬಾಂದ. ಆಮೇಲೆ ಯಾರೂ ತಂಟೆ ತಗಿಯೂಹಂಗಿಲ್ಲ. ಸುಳ್ಳು ನಡದವನ್ನ ಮಣ್ಣಽ ನೋಡಕೊಂತೈತಿ. ಅದಕ್ಕಽ ನಮ್ಮ ಹಳ್ಳಿಯೊಳಗ ಗಂಡಸರು ಜೇಲಿಗೆ ಹೋಗಾಕ ತಯಾರ, ಮಣ್ಣ ಹೊರಾಕ ತಯಾರಿಲ್ಲ. ನಿಪ್ಪಾಣಿಯವ ವೃಷಭ. ಅವಗ ಅದು ಒಂದು ಪುಟ್ಟಿ ರಾಡಿ, ಅಷ್ಟಽ.

ಮಾರಿದವ ಆಬಾಸಾಹೇಬ, ಹೊರಬೇಕಾದವನೂ ಅವನಽ. "ನನ್ನ ಮಣಕಾಲು ನೋವು" ಅಂದ. ಆ ದಿನ ಮುಂಜಾನೇನ ಟ್ರ್ಯಾಕ್ಟರ ಮ್ಯಾಲೆ ಹಾರಿ ಕುಂತದ್ದು ಊರೆಲ್ಲಾ ನೋಡಿತ್ತು.

ಪಂಚರು ಬಾವಿ ಹತ್ತಿರ ಕೂತ್ರು. ಮಲಕಾರಿ ಬಂದ, ಸಕ್ಕುಬಾಯಿ ಬಂದ್ಲು. "ನೀನೂ ಹೊರತೀಯೇನು?" ಪಂಚರು ಕೇಳಿದ್ರು.

"ನಮ್ಮಪ್ಪನ ಹೊಲ ನಂದು ಅಂತ ನಾ ಯಾಕ ಹೊರಲಿ? ಅವ್ರು ಹೊರಲಿ. ಹೊತ್ತು ನಡದ್ರ ನಾ ಕುರಿ ಹೊಡಕೊಂಡು ಹೋಗತೇನಿ. ಮತ್ತ ಇತ್ತ ಬರೂದಿಲ್ಲ."

ಸಕ್ಕುಬಾಯಿ ಅವನ ತೋಳು ಜಗ್ಗಿದ್ಲು. "ಹಂಗ ಅನಬ್ಯಾಡ್ರಿ... ಆ ಮನಷ್ಯಾಗ ಏನ ಗೊತ್ತೈತಿ."

ವೃಷಭನ ತಲಿ ಮ್ಯಾಲೆ ರಾಡಿ ಇಟ್ರು. ಜಾಲಿಗಿಡದಿಂದ ಅವ ನಕ್ಕೋತ ಶುರು ಮಾಡಿದ. ಹತ್ತು ಹೆಜ್ಜಿ. ಇಪ್ಪತ್ತು. ರಾಡಿ ನೀರು ಹಣಿ ಮ್ಯಾಲಿಂದ ಕಣ್ಣಾಗ ಇಳೀತು. ಕಣ್ಣು ಮುಚ್ಚಿದ. ಆಬಾಸಾಹೇಬ ದೂರ ನಿಂತು, "ಎಡಕ್ಕ... ಇನ್ನೂ ಎಡಕ್ಕ... ಹಾಂ, ಕೆಳಗ ಇಳಿ" ಅಂತ ದಾರಿ ಹೇಳತಿದ್ದ. ಭಾರ ಏರಾಕತ್ತಿತಂತ. ಪುಟ್ಟಿ ರಾಡಿ ಮೊದಲ ತಂಬಾಕಿನ ಚೀಲ ಆತು, ಆಮೇಲೆ ಎರಡು ಚೀಲ. ಕುತಗಿ ಎಲುಬು ಕಟಕಟ ಅಂತಿದ್ದವಂತ.

ಅರ್ಧ ದಾರ್ಯಾಗ ಅವನ ಬಲಗಾಲಿಗೆ ಕಲ್ಲು ಹತ್ತಿತು.

ಹೂಳಿನೊಳಗ ಒಂದು ಗೇಣು ಕೆಳಗ. ಚೌಕ ಕಲ್ಲು, ಸಾಪಾಗಿ ಕಟದದ್ದು. ಅವನ ಅಂಗಾಲು ಅದರ ಮೂಲಿ ಮ್ಯಾಲೆ ಕೂತಿತು. ಮುದುಕ ಹುಡಕೂ ಬಾಂದಗಲ್ಲು ಇದಽ ಅಂತ ತಿಳೀತು. ಒಂದು ಗಳಿಗಿ ನಿಂತ... ಆಮೇಲೆ ದಾಟಿ ನಡದ. ನೀರಿನ ತನಕ.

ತಲಿ ಮ್ಯಾಲಿನ ರಾಡಿ ಇಳಿಸಿದಾಗ ಮಲಕಾರಿ ಹತ್ತಿರ ಬಂದ. ಮೆತ್ತಗ ಕೇಳಿದ. "ಕಾಲಿಗೆ ಹತ್ತಿತೇನ್ರಿ?"

"ಏನ ಹತ್ತೂದು? ಇಲ್ಲ."

ಮಲಕಾರಿ ತಲಿ ಅಲ್ಲಾಡಿಸಿದ. ಹೆಂಡ್ತೀನ್ನ ಕರಕೊಂಡು, ಕಾಯಿಗಿ ಬಂದ ಬಳ್ಳಿ ಹಂಗಽ ಬಿಟ್ಟು ಹೋದ.

ವೃಷಭ ಮರುದಿನಽ ಹನ್ನೆರಡು ಸಿಮೆಂಟ ಕಂಬ ತರಿಸಿ ನೀರಿನ ಅಂಚಿಗೆ ಸಾಲು ನಿಲ್ಲಿಸಿದ. ಒಂದೊಂದು ಎರಡಾಳು ಹೊರೂ ಭಾರ. ಒಂದು ವಾರದ ಮ್ಯಾಲೆ ಜೆಸಿಬಿ ತಂದು ಹೂಳು ತಗಸಾಕ ಹಚ್ಚಿದ. ಸಂಜಿಗೆ ಬಕೀಟಿನ ಹಲ್ಲಿಗೆ ಆ ಬಾಂದಗಲ್ಲು ಸಿಕ್ಕು ಮ್ಯಾಲೆ ಬಂತು. ಕಿರ್ರ್ ಅಂತ ಒದರಿತಂತ ಕಲ್ಲು. ಕೆಳಗ ಮಾರುದ್ದ ಆಳದ ಕುಣಿ. ಜೆಸಿಬಿಯವ ಕಲ್ಲು ಬದಿಗೆ ಒಗದು ಮನಿಗೆ ಹೋದ.

ರಾತ್ರಿ ಒಂಬತ್ತಕ್ಕ ವೃಷಭ ಬ್ಯಾಟರಿ ಹಿಡಕೊಂಡು ಕುಣಿ ನೋಡಾಕ ಇಳದ. ಕಲ್ಲಿನ ಮ್ಯಾಲೆ ಮಲಕಾರಿ ಕುಂತಿದ್ದ. ಬಾಜೂಕ ಅವನ ಹಾರಿ.

"ಮತ್ತ ಬರೂದಿಲ್ಲ ಅಂದಿದ್ದಿ."

"ಮಣ್ಣ ಖರೇ ಹೊತ್ತವಗ ಆ ಮಾತು." ಮಲಕಾರಿ ಎದ್ದೇಳಲಿಲ್ಲ. "ಕಾಲಿಗೆ ಹತ್ತಿತ್ತು. ನಿಮ್ಮ ಹೆಜ್ಜಿ ನಿಂತದ್ದು ನಾ ಕಂಡೇನಿ. ಅದೊಂದು ಹೌದು ಅನ್ರಿ, ಏಳತೇನಿ. ಪಂಚರ ಮುಂದ ಬ್ಯಾಡ. ಆಬಾಸಾಹೇಬನ ಮುಂದ ಬ್ಯಾಡ. ನನಗೊಬ್ಬಗ ಅನ್ರಿ. ಹೊಲ ನೀವಽ ಇಟಗೊಳ್ರಿ."

ನೋಡ್ರಿ, ಅಷ್ಟಽ ಕೇಳಿದ್ದು ಅವ. ಒಂದು ಹೌದು.

"ಏಳಲೇ."

"ಹತ್ತಿತ್ತೋ ಇಲ್ಲೋ?"

"ಏಳತೀಯೋ ಇಲ್ಲೋ, ಕುರಿ ಕಾಯೂ ಸೂಳಿಮಗನ!"

"ಹತ್ತಿತ್ತೋ ಇಲ್ಲೋ, ಸಾವಕಾರ್ರ?"

ವೃಷಭ ಹಾರಿ ಎತ್ತಿದ. ಬೀಸಿ ಹೊಡದ. ಧಪ್... ಬೆಲ್ಲದ ಪೆಂಟಿ ನೆಲಕ್ಕ ಬಿದ್ದ ಸಪ್ಪಳ ಅಂತ ಹೇಳಿದ ನನಗ. ಪಟಕಾ ಬಿಚ್ಚಿ ಬಿತ್ತು. ಮಲಕಾರಿ ಕುಂತಽ ಇದ್ದ. ಕಿವಿ ಇದ್ದ ಜಾಗದಾಗ ಕಿವಿ ಇದ್ದಿಲ್ಲ. ಬಾಯಿ ಮಾತ್ರ ಆಡಾಕತ್ತಿತ್ತು. "ಹತ್ತಿ... ಹತ್ತಿ..." ಎರಡನೇ ಏಟು ಬಾಯಿಗೆ. ಹಲ್ಲು ಕಲ್ಲಿನ ಮ್ಯಾಲೆ ಚಳಚಳ ಅಂತ ಉದರಿದವು. ಮೂರನೇದು, ನಾಲ್ಕನೇದು ಎಲ್ಲಿ ಬಿದ್ದವೋ ಅವಗ ನೆನಪಿಲ್ಲ. ಕೈ ಜೋಮು ಹಿಡಿಯೂ ತನಕ ಹೊಡದ.

ಆಚೆ ದಂಡಿಗೆ ಮಾತು ಕೇಳಿತ್ತು. ಅರ್ಧ ತಾಸಿಗೆ ಆಬಾಸಾಹೇಬ ಬ್ಯಾಟರಿ ಹಿಡಕೊಂಡು ಬಂದ. ನೋಡಿದ. ಎಲಿ ಅಡಿಕಿ ಉಗುಳಿದ. "ಹದಿನೈದು ದಿನಕ್ಕ ಮಳಿ. ಇಪ್ಪತ್ತಕ್ಕ ಇಲ್ಲಿ ಎದಿಮಟ ನೀರು. ಕುಣಿ ತಯಾರಽ ಐತಿ. ಹಾಕು."

ಕುಣಿ ಆಳ ಇತ್ತು, ಅಗಲ ಇದ್ದಿಲ್ಲ. ಮಲಗಸಾಕ ಬರಲಿಲ್ಲ. ನಿಲ್ಲಿಸಿ ಹುಗದ್ರು. ಮ್ಯಾಲೆ ಹೂಳು ಎಳದು ಕಾಲಿಲೆ ತುಳದ್ರು. ಬಾಂದಗಲ್ಲು ತಗೊಂಡು ಹೋಗಿ ಬಾವಿಗೆ ಒಗದ್ರು. "ಮುದುಕ ದಿಂಡಿ ಜೋಡಿ ಪಂಢರಪುರಕ್ಕ ಹೋಗ್ಯಾನ" ಅಂತ ಆಬಾಸಾಹೇಬ ಊರಾಗ ಹಬ್ಬಿಸಿದ. ವರ್ಷಾ ಹೋಗವನಽ ಅವ. ಎಲ್ಲಾರೂ ನಂಬಿದ್ರು. ಸಕ್ಕುಬಾಯಿ ಒಬ್ಬಾಕಿ, "ಭಜನಿ ತಂಬೂರಿ ಬಿಟ್ಟು ಹೆಂಗ ಹೋದಾರು, ಅದು ಮನ್ಯಾಗಽ ಐತಲ್ರಿ" ಅಂತ ಮನಿಮನಿಗೆ ಅಡ್ಡಾಡಿದ್ಲು.

ಮಳಿ ಬಂತು. ನೀರು ದಿನಾ ಎಂಟು ಹೆಜ್ಜಿ, ಹತ್ತು ಹೆಜ್ಜಿ ಏರಾಕತ್ತಿತು. ಅವ ನಿಲ್ಲಿಸಿದ್ದ ಸಿಮೆಂಟ ಕಂಬ ಮುಳಗಬೇಕು, ಹೌದಲ್ಲೋ? ಮುಳಗಲಿಲ್ಲ. ದಿನಾ ಮುಂಜಾನೆ ಎದ್ದು ನೋಡಿದ್ರ ಸಾಲಿಗೆ ಸಾಲು ಮ್ಯಾಲೆ ಬಂದಿರತಿತ್ತು. ನೀರಿಗಿಂತ ಹತ್ತು ಹೆಜ್ಜಿ ಮುಂದ. ಹಿಂದಿನ ದಿನದ ಹನ್ನೆರಡು ತಗ್ಗಿನಾಗ ನೀರು ತುಂಬಿರತಿತ್ತು. ರಾತ್ರಿ ಶೆಡ್ಡಿನೊಳಗ ಮಲಗಿದವಗ ಕೇಳತಿತ್ತು... ಟಣ್... ಪಚಕ್, ಪಚಕ್... ಟಣ್.

ಜೂನ್ ಇಪ್ಪತ್ತಕ್ಕ ಆಬಾಸಾಹೇಬ ತನ್ನ ದನದ ಕೊಟ್ಟಿಗ್ಯಾಗ ಸತ್ತು ಬಿದ್ದಿದ್ದ. ದವಡಿ ಎರಡು ಕಡೆ ಮುರದಿತ್ತು. ಬಾಯಾಗ ಹೂಳು. ಗಂಟಲದ ತನಕ ಗಿಡಿದು ಗಿಡಿದು ತುಂಬಿದ್ದು. ಹೋರಿ ಹಾಯ್ದು ರಾಡಿಯೊಳಗ ತುಳದೈತಿ ಅಂದ್ರು. ಕೊಟ್ಟಿಗಿ ನೆಲ ಪರಸಿಕಲ್ಲಿಂದು. ಅಲ್ಲಿ ಒಂದು ಹಿಡಿ ರಾಡೀನೂ ಇದ್ದಿಲ್ಲ.

ಆವಾಗ ವೃಷಭ ನನಗ ಫೋನ ಹಚ್ಚಿದ. ನಾ ಕಾಗವಾಡದಾಗ ಇದ್ದೆ, ಅಥಣಿಯಿಂದ ಮಿರಜಿಗೆ ಕಾಯಿಪಲ್ಲೆ ಹೊರೂ ಗಾಡಿ ಹೊಡೀತಿದ್ದೆ. "ಸಮ್ಮೇದ, ಬಾರೋ. ಒಬ್ಬನಽ ಇರಾಕ ಆಗವಲ್ದು."

"ಮನಿಗೆ ಹೋಗು. ವೈನಿ ಅದಾಳಲ್ಲ."

"ಮನಿಗೆ ಹೋದ್ರ ಅಲ್ಲೀಗೂ ಬಂದ್ರ? ಮನಿಷಾ ಒಬ್ಬಾಕೀನಽ ಇರತಾಳ."

ಗಾಡಿ ಮಾಲಕನ ಕೈಯಾಗ ಕೀಲಿ ಒಗದು ಹೋದೆ. ವೃಷಭನ್ನ ನೋಡಿ ಗುರುತು ಹತ್ತಲಿಲ್ಲ. ಒಂದು ತಿಂಗಳದಾಗ ಗಲ್ಲ ಒಳಗ ಹೋಗಿದ್ದವು. ಕುತಗಿ ಸೊಟ್ಟ ಆಗಿತ್ತು, ತಲಿ ಮ್ಯಾಲೆ ಏನೋ ಹೊತ್ತವನಂಗ ನಿಲ್ಲತಿದ್ದ. ಕಂಬದ ಸಾಲು ಅವತ್ತು ಒಮ್ಮಿಗೇ ಜಾಲಿಗಿಡದ ಬುಡಕ್ಕ ಬಂದು ನಿಂತಿತ್ತು. ಅಂದ್ರ ಮೊದಲಽ ಎಲ್ಲಿರಬೇಕಿತ್ತೋ ಅಲ್ಲಿ. ನೀರು ಇನ್ನೂ ಅರವತ್ತು ಹೆಜ್ಜಿ ಕೆಳಗ.

ಹೊರಗ ಮಳಿ. ಒಳಗ ಒಂದು ಕಂದೀಲು. ನನ್ನ ಮಣಿಕಟ್ಟು ಹಿಡಕೊಂಡು ಎಲ್ಲಾ ಹೇಳಿದ. ನಾ ಈಗ ನಿಮಗ ಹೇಳಿದ್ದೆಲ್ಲಾ. ಕೇಳಕೋತ ಕೇಳಕೋತ ನನಗ ಅವನ ಕೈಯಿಂದ ನನ್ನ ಕೈ ಬಿಡಿಸಿಕೋಬೇಕು ಅನಸ್ತು. ಸುಳ್ಳ ಯಾಕ ಹೇಳಲಿ. ಒಂದು ಹೌದು ಅಂದಿದ್ರ ಮುಗೀತಿತ್ತು. ಅದಕ್ಕ ಒಬ್ಬ ಮುದುಕನ ತಲಿ ಒಡದಾನ. ನಮ್ಮ ಮನ್ಯಾಗ ಇರಬಿ ತುಳೀಬಾರದು ಅಂತ ನೆಲ ನೋಡಿ ನಡಿಯೂದು ಕಲಿಸಿದ್ರು ನಮಗ.

"ಪೊಲೀಸರ ಕಡೆ ಹೋಗೂಣು. ಈಗಽ."

"ನಾಳೆ." ಅವ ಪಿಸುಗುಟ್ಟಿದ. "ಬಾಂದ ಸರಿ ಆತಲ್ಲೋ. ಜಾಲಿಗಿಡಕ್ಕ ಬಂದು ನಿಂತಾವ ಕಂಬ. ಇನ್ನ ಬರೂದಿಲ್ಲ ಅವ. ಹೌದಲ್ಲೋ?"

"ನನಗ ಕೇಳತೀಯೇನು ಅದನ್ನ?"

"ಹೌದು ಅನ್ನೋ ಒಮ್ಮೆ."

ನಾ ಅನ್ನಲಿಲ್ಲ.

ಹನ್ನೆರಡರ ಸುಮಾರಿಗೆ ಮಳಿ ನಿಂತಿತು. ಕಪ್ಪಿ ಒದರತಿದ್ದವು. ಎಲ್ಲಾ ಒಮ್ಮಿಗೇ ಬಂದಾದವು. ತಗಡಿನ ಮ್ಯಾಲಿಂದ ಹನಿ ಬೀಳೂ ಸಪ್ಪಳ ಅಷ್ಟಽ. ತಟ್... ತಟ್...

ಆಮೇಲೆ ಕೆಳಗಿಂದ. ಪಚಕ್.

ವೃಷಭನ ಉಗುರು ನನ್ನ ಕೈಯಾಗ ಇಳದವು.

ಪಚಕ್... ಪಚಕ್... ಅವಸರ ಇದ್ದಿಲ್ಲ. ದಿಣ್ಣಿ ಹತ್ತಿ ಬಂತು. ಕಂಬದ ಸಾಲಿನ ಹತ್ತಿರ ನಿಂತಿತು. ಟಣ್, ಟಣ್, ಟಣ್... ಒಂದೊಂದಽ ಕಂಬ ಹಾರಿಲೆ ಬಡದು ನೋಡಿದಂಗ. ನಾ ಎಣಿಸಿದೆ. ಹನ್ನೆರಡು. ಅಲ್ಲಿಂದ ಶೆಡ್ಡಿಗೆ ಮೂವತ್ತು ಹೆಜ್ಜಿ. ಅವನ್ನೂ ಎಣಿಸಿದೆ. ಬಾಗಿಲದಾಗ ಬಂದು ನಿಂತಿತು. ಹಸಿ ಹೂಳಿನ ವಾಸನಿ ಬಾಗಿಲ ಕೆಳಗಿಂದ ಒಳಗ ಬಂತು.

"ಸಾವಕಾರ್ರ." ಪಿಸುದನಿ. ಹಲ್ಲಿಲ್ಲದ ಬಾಯಿಯ ಮಾತು. "ಸಾವಕಾರ್ರ... ಹತ್ತಿತ್ತೋ ಇಲ್ಲೋ?"

ನಾ ಅವನ ಬಾಯಿ ಮ್ಯಾಲೆ ಕೈ ಇಟ್ಟೆ. ಅಲ್ಲಾಡಬ್ಯಾಡ ಅಂದೆ. ಅವ ನನ್ನ ಕೈ ಕಚ್ಚಿದ. ರಕ್ತ ಬರೂಹಂಗ ಕಚ್ಚಿದ. ಕೈ ಬಿಟ್ಟೆ.

"ಹತ್ತಿತ್ತೋ!" ಒದರಿದ. ಆ ಒದರಾಟ ಮೂರು ಊರಿಗೆ ಕೇಳಿರಬೇಕು. "ಹತ್ತಿತ್ತೋ ಮಲಕಾರಿ... ಕಾಲಿಗೆ ಹತ್ತಿತ್ತು! ತಪ್ಪಾತೋ ಯಪ್ಪಾ, ಬಿಡೋ!"

ಹೊರಗ ಬರೇ ತಗಡಿನ ಹನಿ, ತಟ್... ತಟ್... ಹೋದ ಅಂತ ತಿಳಕೊಂಡೆ ನಾ.

"ಹಂಗಾದ್ರ ಬರ್ರಿ," ಅಂತು. "ಎಲ್ಲಿ ಹತ್ತಿತು ತೋರಸ್ರಿ."

ಬಾಗಿಲ ಮುರೀಲಿಲ್ಲ. ತಗಡು ಮಡಚಿಕೊಂಡು ಒಳಗ ಬಂತು. ಕಂದೀಲು ಒಡೀತು. ಕತ್ತಲ್ಯಾಗ ನಾ ವೃಷಭನ ನಡ ತಬ್ಬಿ ಹಿಡದೆ. ಅವನ್ನ ಯಾರೋ ಎಳೀತಿದ್ರು. ಎತ್ತಿನ ಗಾಡಿ ಎಳದ ಹಂಗ, ಜಗ್ಗಿ ಅಲ್ಲ, ಒಂದಽ ಸಮ. ನನ್ನ ಹಿಮ್ಮಡ ನೆಲದಾಗ ಗೀರು ಕೊರೀತಿತ್ತು. ಬಿಡಲಿಲ್ಲ ನಾ. ಆವಾಗ ಬಲ ಭುಜದ ಮ್ಯಾಲೆ ಏಟು ಬಿತ್ತು. ಕಟ್ ಅಂತ ಎಲುಬು ಮುರದ ಸಪ್ಪಳ ಮೊದಲ ಕೇಳಿತು, ನೋವು ಆಮೇಲೆ ಬಂತು. ಎರಡನೇದು ಪಕ್ಕಡಿ ಎಲುಬಿಗೆ. ಉಸಿರು ಒಳಗಽ ಉಳೀತು. ಕೈ ತಾನಽ ಬಿಟ್ಟಿತು.

"ನೀ ಮಣ್ಣ ಹೊತ್ತವ ಅಲ್ಲ," ಅಂತು ದನಿ, ಕಿವಿ ಹತ್ತಿರ. "ಮಲಕೋ."

ವೃಷಭ ಒದರಕೋತ ಹೋದ. "ಸಮ್ಮೇದ... ಸಮ್ಮೇದ..." ದಿಣ್ಣಿ ಇಳೀತು ದನಿ. ಆಮೇಲೆ ಬರೇ ಹೆಜ್ಜಿ ಸಪ್ಪಳ. ಈ ಸಲ ಇಬ್ಬರ ಹೆಜ್ಜಿ. ಪಚಕ್ ಪಚಕ್, ಪಚಕ್ ಪಚಕ್. ನನಗ ಎಚ್ಚರ ತಪ್ಪೂ ಮುಂದ ಮೊಬೈಲು ಬೆಳಗಿತ್ತು, ಒಂದು ಗಂಟಿ ಹತ್ತು ನಿಮಿಷ.

ಮೀನ ಹಿಡಿಯೂ ಮಂದಿ ಐದೂವರಿಗೆ ಕೂಗಿದ್ರು. ತೆವಳಕೋತ ಹೊರಗ ಬಂದೆ. ಜಾಲಿಗಿಡದಿಂದ ನೂರು ಹೆಜ್ಜಿ ಕೆಳಗ, ನೀರಾಗ, ವೃಷಭ ನಿಂತಿದ್ದ. ಎದಿಮಟ ನೀರು. ತಲಿ ಮ್ಯಾಲೆತ್ತಿತ್ತು. ಕಣ್ಣು ತೆರದಿದ್ದವು, ಬಾಯೀನೂ. ಜೀವ ಇದ್ದಿಲ್ಲ. ತೆಪ್ಪದವ್ರು ಬಗಲಾಗ ಕೈ ಹಾಕಿ ಎಳದ್ರು. ಬರಲಿಲ್ಲ. ಮಣಕಾಲ ತನಕ ಹೂಳಿನಾಗ ಸಿಕ್ಕಿದ್ದ. ಆರು ಮಂದಿ ಹಗ್ಗ ಹಾಕಿ ಜಗ್ಗಿದಾಗ ಬಂದ. ಅವನ ಕಾಲಿನ ಕೆಳಗ, ಅದಽ ಕುಣ್ಯಾಗ, ಮಲಕಾರಿ ಇದ್ದ. ನಿಲ್ಲಿಸಿದಂಗಽ ಇದ್ದ.

ನಾ ಪೊಲೀಸರಿಗೆ ಎಲ್ಲಾ ಹೇಳಿದೆ, ಹಾರಿ ಏಟಿನಿಂದ ಹಿಡದು. ಕೊಲಿ ಮಾಡಿದ್ದು ಬರಕೊಂಡ್ರು. ಉಳದದ್ದು ಬರಕೊಳ್ಳಲಿಲ್ಲ. ಸಕ್ಕುಬಾಯಿ ತನ್ನ ಗಂಡನ್ನ ತಗೊಂಡು ಹೋಗಿ ಮಣ್ಣು ಕೊಟ್ಲು. ಅಲ್ಲಿ ಹೋಗಿ ದೂರ ನಿಂತಿದ್ದೆ. ನನ್ನ ನೋಡಿದ್ಲು, ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ವೃಷಭನ್ನ ಸಂಜಿಕ ನಿಪ್ಪಾಣಿಗೆ ತಂದ್ರು. ಅಂಗಳದಾಗ ಹಲಗಿ ಮ್ಯಾಲೆ ಮಲಗಿಸಿ ಜಳಕ ಮಾಡಸಾಕತ್ತಿದ್ರು. ಮನಿಷಾ ವೈನಿ ತಂಬಿಗಿಲೆ ನೀರು ಹಾಕಾಕತ್ತಿದ್ಲು. ನನ್ನ ಬಲಗೈ ಕೊಳ್ಳಿಗೆ ಕಟ್ಟಿತ್ತು. ಕಾಲ ಕಡೆ ಕುಂತು, ಅವನ ಎರಡೂ ಪಾದ ತೊಡಿ ಮ್ಯಾಲೆ ಇಟಗೊಂಡು ಎಡಗೈಲೆ ತೊಳೀತಿದ್ದೆ. ಹೂಳು ಹರದು ಹೋತು.

ಕೆಳಗ ಚರ್ಮ ಇದ್ದಿಲ್ಲ. ಎರಡೂ ಅಂಗಾಲಿಗೆ. ಮೀನ ತಿಂದಾವ ಅಂತ ಅಂದುಕೊಂಡೆ ಮೊದಲ. ಮೀನ ತಿಂದ್ರ ಹರಕೊಂಡಿರತೈತಿ. ಇದು ಸವದದ್ದು. ಹಿಮ್ಮಡದ ಎಲುಬು ಹೊರಗ ಬಂದಿತ್ತು, ಹಳೇ ಚಪ್ಪಲಿ ಹಿಮ್ಮಡ ಸವದಂಗ ಒಂದು ಕಡೆ ಓರೆಯಾಗಿ ಸವದು ನುಣ್ಣಗ ಆಗಿತ್ತು. ಬೆರಳಿಗೆ ಉಗುರಿದ್ದಿಲ್ಲ. ವರ್ಷಗಟ್ಟಲೆ ಬರಿಗಾಲಿಲೆ ನಡದವಗೂ ಹಂಗ ಆಗೂದಿಲ್ಲ.

ವೈನಿ ತಂಬಿಗಿ ಹಿಡಕೊಂಡು ನಿಂತಽ ಬಿಟ್ಲು. "ಭಾವುಜಿ... ಎಲ್ಲೀ ತನಕ ನಡದಾರ ಇವ್ರು?"

ಆ ಕಾಲು ನನ್ನ ತೊಡಿ ಮ್ಯಾಲೆ ಇದ್ದವು, ಭಾರ ಇನ್ನೂ ಗೊತ್ತೈತಿ ನನಗ. ಶೆಡ್ಡಿನಿಂದ ಆ ಕುಣಿಗೆ ನೂರಾ ಮೂವತ್ತು ಹೆಜ್ಜಿ. ಮುಂದಿನ ಬೇಸಿಗ್ಯಾಗ ನೀರು ಇಳದಾಗ ನಾನಽ ಹೋಗಿ, ಚಪ್ಪಲಿ ಬಿಟ್ಟು, ನಡದು ಎಣಿಸಿದೆ. ಎಲ್ಲಾ ಮೆತ್ತನ ಹೂಳು. ಒಂದು ಹರಳು ಇಲ್ಲ ಅಲ್ಲಿ.